ಹಣ ಬಳಕೆ ಪ್ರಮಾಣ ಪತ್ರ

ಮಾನ್ಯರೆ,
ಸ್ಥಳೀಯ ಸಸ್ಯಗಳ ಚಿತ್ರ ಬರೆಯಲೆಂದು
ತಾವು ಕೊಟ್ಟ ಹದಿನೆಂಟು ಸಾವಿರಕ್ಕೆ
ಬಳ್ಳಾರಿ ಕೌಲ್ ಬಜಾರಿನ ಪೇಂಟರ್ ದಾದಾಪೀರ
ಒಪ್ಪಿಸುವ ಲೆಕ್ಕ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಕ್ಷರದವನು.
ಜೀನ್ಸ್ ಕಾರ್ಖಾನೆ, ಎಮ್ಮೆ ಹಾಲು,
ಇಲ್ಲಿ ಉಚ್ಚೆ ಹೊಯ್ಯಬಾರದು,
ಮೂವತ್ತು ವರ್ಷ ಗೋಡೆಗೆ, ತಗಡಿಗೆ, ಲಾರಿಯ ಹಣೆಗೆ ಬರೆದೆ.
ಫ್ಲೆಕ್ಸ್ ಬಂದ ಮೇಲೆ ಕುಂಚಗಳು
ಡಬ್ಬಿಯಲ್ಲೇ ಮೀಸೆ ಬಿಗಿದು ಕೂತವು.
ಎಲೆಯೊಂದನ್ನು ಇಷ್ಟು ಹೊತ್ತು ನೋಡಿದ್ದು
ನಿಮ್ಮ ದುಡ್ಡು ಬಂದ ಮೇಲೆಯೇ.
ನೋಡಿದರೆ, ಅದಕ್ಕೂ
ತಲಕಟ್ಟು, ಕೊಂಬು, ಒತ್ತು ಎಲ್ಲ ಇದೆ.

ಕಾಗದ ಹುಬ್ಬಳ್ಳಿಯಿಂದ ತರಿಸಿದ್ದು: ರಸೀದಿ ಇದೆ.
ಹಸಿರು, ಹಳದಿ, ಒಂದು ಚಿಟಿಕೆ ನೀಲಿ: ಇದೆ.
ಕೆಂಪಿಗೆ ಇಲ್ಲ.
ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿ ಚೆಲ್ಲಿದ್ದನ್ನು
ಬಟ್ಟೆಯಲ್ಲಿ ಸೋಸಿ, ಅರೆದು,
ಕರಿಜಾಲಿಯ ಅಂಟು ಬೆರೆಸಿದೆ. ಅದೂ ಪುಕ್ಕಟೆ.
"ಗಿಡವು ಸಹಜ ಬಣ್ಣದಲ್ಲಿರತಕ್ಕದ್ದು"
ನಿಮ್ಮ ನಾಲ್ಕನೆಯ ಷರತ್ತು.
ಗಣಿ ಮಗ್ಗುಲಿನ ತಂಗಡಿಯ ಸಹಜ ಬಣ್ಣ ಯಾವುದು, ಮಾನ್ಯರೆ?
ಬಾಟಲಿ ನೀರಿನಲ್ಲಿ ಒಂದು ಎಲೆ ತೊಳೆದೆ, ಒಂದು ಬಿಟ್ಟೆ.
ಎರಡನ್ನೂ ಒಂದೇ ಕಡ್ಡಿಗೆ ಬರೆದೆ.

ನೆಗ್ಗಿಲಿಗೆ ಹುಡುಕಾಟದ ಖರ್ಚಿಲ್ಲ.
ಅದೇ ಬಂದು ಸೈಕಲ್ಲಿನ ಟ್ಯೂಬು ಹೊಕ್ಕಿತು.
ಪಂಕ್ಚರಿಗೆ ಮೂವತ್ತು.
ಅಂಗಡಿಯ ಹುಡುಗ ಮುಳ್ಳು ಕಿತ್ತು ಕೈಗಿಟ್ಟು
"ಇದರ ಹೂವು ನೋಡೀರೇನು ಚಾಚಾ? ಹಳದಿ, ಐದು ಎಸಳು" ಅಂದ.
ನೋಡಿರಲಿಲ್ಲ. ಐವತ್ತೆಂಟು ವರ್ಷ
ತುಳಿದದ್ದು ಮಾತ್ರ.

ಏಳನೆಯ ಹಾಳೆಯ ಬಗ್ಗೆ ತಮ್ಮ ಪತ್ರ ತಲುಪಿದೆ:
"ಬಳ್ಳಾರಿ ಜಾಲಿ ಹೊರದೇಶದ ಗಿಡ, ಕೈಬಿಡುವುದು."
ಹೆಸರಲ್ಲೇ ಊರಿದೆಯಲ್ಲ ಎಂದು ಎರಡು ದಿನ ಸಿಟ್ಟಾದೆ.
ಅಮ್ಮನ ಒಲೆ ಉರಿದದ್ದು ಅದರಿಂದ,
ನನ್ನ ಮೊದಲ ಪೆನ್ಸಿಲ್ಲು ಅದರದೇ ಇದ್ದಿಲು.
ನಮ್ಮಜ್ಜನೂ ದಂಡಿನ ಕುದುರೆಗಳ ಹಿಂದೆ ಬಂದವನೇ,
ಎಲ್ಲಿಂದ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
ಮೂರನೆಯ ದಿನ ಕೆರೆಯಂಗಳಕ್ಕೆ ಹೋಗಿ
ಜಾಲಿಯ ಬುಡದಲ್ಲಿ ಮಂಡಿಯೂರಿ ಹುಡುಕಿದೆ.
ತುಂಬೆ ಇಲ್ಲ, ಉತ್ತರಾಣಿ ಇಲ್ಲ, ಗರಿಕೆ ಕೂಡ ಇಲ್ಲ.
ಹಾಳೆ ವಾಪಸು ಪಡೆದಿದ್ದೇನೆ.
ಅದರ ಸಾವಿರದೈನೂರು ಕಳೆದುಕೊಳ್ಳಿ.
ಚಿತ್ರ ಮಾತ್ರ ನಮ್ಮ ಮನೆ ಗೋಡೆಯ ಮೇಲಿದೆ.

ಷರತ್ತು ಒಂಬತ್ತು:
"ಸಾರ್ವಜನಿಕರಲ್ಲಿ ಅಭಿರುಚಿ ಮೂಡಿಸುವುದು."
ಸಂಡೂರು ಬಸ್ ನಿಲ್ದಾಣದಲ್ಲಿ ಕಂಬದಿಂದ ಕಂಬಕ್ಕೆ
ಹಗ್ಗ ಬಿಗಿದು ಹನ್ನೊಂದು ಹಾಳೆ ತೂಗುಹಾಕಿದೆ.
ಬಸ್ಸು ಬಂದೊಡನೆ ಅಭಿರುಚಿ
ಸೀಟಿಗೆ ಟವೆಲ್ ಹಾಕಲು ಓಡುತ್ತಿತ್ತು.
ಮಧ್ಯಾಹ್ನ, ಕೂಡ್ಲಿಗಿ ಬಸ್ಸು ತಪ್ಪಿಸಿಕೊಂಡ
ಕುರಿ ಕಾಯುವ ಸುಂಕ್ಲಮ್ಮ
ಬಂದರಿಕೆಯ ಮುಂದೆ ನಿಂತಳು. ನಿಂತೇ ಇದ್ದಳು.
ಎಲೆಯ ಮೇಲೆ ಹೆಬ್ಬೆಟ್ಟು ಒತ್ತಿದಳು.
"ಇದು ಕೈಗೆ ಅಂಟಬೇಕಲ್ಲೋ ಯಪ್ಪಾ.
ಅಂಟಂಗಿಲ್ಲ ಅಂದ್ರೆ ಬಂದರಿಕಿ ಹೆಂಗಾತು?"

ಆ ರಾತ್ರಿ ಉಳಿದ ಅಂಟನ್ನೆಲ್ಲ ನೆನೆಹಾಕಿ,
ಪೂರಾ ಒಣಗದಿರಲೆಂದು ಚೂರು ಜೇನು ಬೆರೆಸಿ
(ಜೇನಿಗೆ ನಲವತ್ತು, ಚೀಟಿ ಕೊಡಲಿಲ್ಲ)
ಎಲೆ ಎಲೆಗೂ ತೆಳುವಾಗಿ ಬಳಿದೆ.
ಮರುದಿನ ಆಕೆ ಬರಲಿಲ್ಲ.
ಅದರ ಮರುದಿನ ಬಂದಳು. ಮತ್ತೆ ಒತ್ತಿದಳು.
ಎಲೆ ಬೆರಳನ್ನು ತುಸು ಹಿಡಿದುಕೊಂಡಿತು.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಬೆರಳು ಮೂಗಿಗೆ ಹಿಡಿದು
"ವಾಸನಿ?" ಅಂತ ಕೇಳಿ ಬಸ್ಸು ಹತ್ತಿದಳು.

ಹಾಳೆ ಲಗತ್ತಿಸಿದೆ.
ಮೂರನೆಯ ಎಲೆಯ ಮೇಲಿನ ಕಲೆ
ಕೊಳೆಯಲ್ಲ, ದಯವಿಟ್ಟು ಒರೆಸಬೇಡಿ.
ಸಾಕ್ಷಿಯ ಸಹಿ ಎಂಬ ಜಾಗ
ಖಾಲಿ ಬಿಟ್ಟಿರುವುದು ಅದಕ್ಕೇ.

ಉಳಿಕೆ ಹನ್ನೊಂದು ರೂಪಾಯಿ.
ವಾಸನೆಗೆ ಬೇರೆ ಅರ್ಜಿ ನಮೂನೆ ಇದ್ದರೆ
ಕಳಿಸಿಕೊಡಿ.