ಸಕ್ಕರೆಯ ಎಂಟು ತಿಂಗಳು

ಭಾನುವಾರ ಬೆಳಿಗ್ಗೆ ಪಾದುವಾ ಪಟ್ಟಣದ ಅಂಚಿಗೆ
ಗೋದಾಮಿನ ಹಿಂದಿನ ಬಯಲಲ್ಲಿ
ಮೊಲ್ಡೋವಾದ ವ್ಯಾನುಗಳು ಸಾಲಾಗಿ ನಿಲ್ಲುತ್ತವೆ.
ಎಣ್ಣೆ ಡಬ್ಬ, ಹಳೇ ಟಿ.ವಿ., ಮೊಮ್ಮಕ್ಕಳ ಬೂಟು,
ಎಲ್ಲಕ್ಕೂ ಕಿಲೋ ಲೆಕ್ಕ.
ನನ್ನದೊಂದು ಲಕೋಟೆ. ತೂಕವೇ ಇಲ್ಲ.
'ಏನಿದೆ ಇದರಲ್ಲಿ, ದೊಮ್ನಿಕಾ?'
ಡ್ರೈವರ್ ತ್ರಿಫಾನ್ ಪ್ರತಿ ಸಲ ಕೇಳುತ್ತಾನೆ.
'ನನ್ನ ಮುಪ್ಪು' ಅನ್ನುತ್ತೇನೆ.
'ಹಾಗಾದರೆ ಮುಂದಿನ ಸೀಟಲ್ಲಿ ಕೂರಿಸ್ತೀನಿ.'
ಐದು ಯೂರೋ ತೆಗೆದುಕೊಳ್ಳುತ್ತಾನೆ.

ಲೆಕ್ಕ ಇಷ್ಟೇ.
ಪಿಂಚಣಿಗೆ ಕಡಿಮೆಯೆಂದರೂ ಹದಿನೈದು ವರ್ಷ ಕಟ್ಟಿರಬೇಕು.
ಸಕ್ಕರೆ ಕಾರ್ಖಾನೆಯಲ್ಲಿ ನಾನು ಸವೆದದ್ದು
ಹತ್ತು ವರ್ಷ ನಾಲ್ಕು ತಿಂಗಳು.
ಕೊನೆಯ ಎಂಟು ತಿಂಗಳು ಸಂಬಳದ ಬದಲು
ಮೂಟೆ ಮೂಟೆ ಸಕ್ಕರೆ ಕೊಟ್ಟರು.
ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ
ರೈಲು ನಿಲ್ದಾಣದಲ್ಲಿ ಲೋಟದ ಲೆಕ್ಕಕ್ಕೆ ಮಾರಿದೆವು;
ಅಂಗೈ ಮುಷ್ಟಿ ಕಟ್ಟಿದರೆ ಬಿಚ್ಚುತ್ತಿರಲಿಲ್ಲ, ಅಷ್ಟು ಅಂಟು.
ಕಚೇರಿಯ ಕಿಟಕಿಯಾಚೆಯ ಹುಡುಗಿ
ನನ್ನ ಕೆಲಸದ ಪುಸ್ತಕ ಮಗುಚಿ ನೋಡಿ ಹೇಳಿದಳು:
ಸಕ್ಕರೆಗೆ ವಂತಿಗೆ ಕಟ್ಟಿಲ್ಲವಮ್ಮ,
ಆ ಎಂಟು ತಿಂಗಳು ಇಲ್ಲ.
ಇಲ್ಲ ಅಂದರೆ?
ಇಲ್ಲ ಅಂದರೆ ಇಲ್ಲ.

ಹಾಗಾಗಿ ವರ್ಷಗಳನ್ನು ಕೊಳ್ಳುತ್ತಿದ್ದೇನೆ,
ನಾನು ಅಲ್ಲಿ ಬಾಳದೇ ಬಿಟ್ಟ ವರ್ಷಗಳನ್ನು,
ಇಲ್ಲಿ ಬಾಳಿ.

ಒರ್ತೆನ್ಸಿಯಾಗೆ ತೊಂಬತ್ತೊಂದು.
ಒಂದನೇ ತಾರೀಕು ಗಾಲಿಕುರ್ಚಿ ತಳ್ಳುತ್ತಾ
ಅಂಚೆ ಕಚೇರಿಗೆ ಕರೆದೊಯ್ಯುತ್ತೇನೆ.
ಹೆಬ್ಬೆರಳು ನೆಕ್ಕಿ ಮೂರು ಸಲ ಎಣಿಸುತ್ತಾಳೆ,
ಅವಳ ಹಿಂದಿನ ಸಾಲು ಗೊಣಗಿದರೂ.
ಅವಳ ಪಿಂಚಣಿಯಲ್ಲಿ ನನ್ನ ಸಂಬಳ,
ನನ್ನ ಸಂಬಳದಲ್ಲಿ ನನ್ನ ಪಿಂಚಣಿ.
ನನ್ನ ಪಿಂಚಣಿಯಲ್ಲಿ
ಯಾರನ್ನು ಇಟ್ಟುಕೊಳ್ಳುವಷ್ಟು ಇದ್ದೀತು?
ಒಂದು ಬೆಕ್ಕು, ಬಹುಶಃ.

ಮಾರ್ಚಿಯಲ್ಲಿ ಫೋನು ಮಾಡಿದರೆ ಕಿಟಕಿಯ ಹುಡುಗಿ:
ಹೋದ ವರ್ಷದ್ದು ಬಂದಿಲ್ಲವಲ್ಲ.
ಅತ್ತಿಗೆ ಎಫ್ರೊಸಿನಿಯಾಗೆ ಹಚ್ಚಿದೆ.
ವಿಡಿಯೋದಲ್ಲಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೂತಿದ್ದಳು.
ಸರಿಸು ಅಂದೆ. ಸರಿಸಿದಳು.
ಮೇಲೆ ಕೆಳಗೆ ಬೆಳ್ಳಗೆ, ಸಾಲಾಗಿ, ಹೊಸ ಹಲ್ಲು.
'ಎರಡು ವರ್ಷದಿಂದ ಬ್ರೆಡ್ಡಿನ ಸಿಪ್ಪೆ ಕಚ್ಚಿಲ್ಲ ಕಣೇ,
ತೀರಿಸ್ತೀನಿ, ವಾಲ್‌ನಟ್ ಕುಯ್ಲಿಗೆ ತೀರಿಸ್ತೀನಿ.'
ಬಯ್ಯಲು ಬಾಯಿ ತೆರೆದವಳು
ಅವಳ ಬಾಯನ್ನೇ ನೋಡುತ್ತ ಉಳಿದೆ.
ಅಲ್ಲಿತ್ತು ನನ್ನ ಒಂದು ವರ್ಷ,
ಮಾತಾಡುತ್ತಾ, ಹೊಳೆಯುತ್ತಾ.
ಕಡಲೆ ನನ್ನದು, ಹಲ್ಲು ಅವಳದು;
ಗಾದೆಗೂ ಇಷ್ಟು ಹೊಳೆದಿರಲಿಲ್ಲ.

ಈ ಸಲ ಲಕೋಟೆ ದಪ್ಪ.
ಕಿಟಕಿಗೆ ನೀನೇ ಹೋಗು, ರಸೀದಿಯ ಫೋಟೋ ಕಳಿಸು ಅಂದೆ.
ತ್ರಿಫಾನ್ ಕೈಯಲ್ಲಿ ತೂಗಿ ನೋಡಿದ:
'ಮುಪ್ಪು ಮೈ ತುಂಬಿಕೊಂಡಿದೆ.'
ಹತ್ತು ಯೂರೋ ತೆಗೆದುಕೊಂಡ.

ಒರ್ತೆನ್ಸಿಯಾಗೆ ಇದೆಲ್ಲ ಹೇಳಿದ್ದು
ಕಾಲುಗುರು ಕತ್ತರಿಸುವಾಗ, ಸುಮ್ಮನೆ, ಹೊತ್ತು ಹೋಗಲೆಂದು.
ಅವಳು ಕಪಾಟಿನ ಕೆಳಗಿನ ಅರೆ ತೋರಿಸಿದಳು.
ಒಂದು ಪುಟ್ಟ ಪುಸ್ತಕ, ಹುಳು ತಿಂದ ಅಂಚು.
ಹದಿನಾಲ್ಕಕ್ಕೆ ಟೋಪಿ ಕಾರ್ಖಾನೆ ಸೇರಿದ್ದಳಂತೆ;
ವಾರಕ್ಕೊಂದು ಸ್ಟಾಂಪು ಯಜಮಾನ ಅಂಟಿಸಬೇಕು.
ಆರು ವರ್ಷ. ಪುಟ ತುಂಬ ಖಾಲಿ ಚೌಕಗಳು.
'ಕಳ್ಳ' ಅಂದಳು, ಎಪ್ಪತ್ತೇಳು ವರ್ಷದ ಬಿಸಿ ಆರದೆ.
ಆಮೇಲೆ ನನ್ನತ್ತ ನೋಡಿದಳು.
'ನಿನ್ನದು ಇಲ್ಲಿ ಕಟ್ಟುತ್ತಿದ್ದಾನಲ್ಲ, ನನ್ನ ಮಗ?'

ನಾನು ಕಿರುಬೆರಳಿನ ಉಗುರಿಗೆ ಬಂದಿದ್ದೆ.
ಚಿಕ್ಕದು, ಗಟ್ಟಿ, ಜಾಗ್ರತೆ ಬೇಕು.
'ಕೇಳುತ್ತೇನೆ ಅವನನ್ನು' ಅಂದಳು.
ಸಂಜೆಯ ಸೂಪಿನ ಹೊತ್ತಿಗೆ ಮರೆತಿದ್ದಳು.
ನಾನು ನೆನಪಿಸಲಿಲ್ಲ.
ಪುಸ್ತಕವನ್ನು ಅರೆಗೆ ಮರಳಿಸಲೂ ಇಲ್ಲ.
ಶನಿವಾರ ಅವಳ ಮಗ ಬಂದು ಕೂರುವ ಕುರ್ಚಿಯೆದುರು,
ಮೇಜಿನ ಮೇಲೆ, ಖಾಲಿ ಪುಟ ತೆರೆದು,
ಹಾರದಿರಲೆಂದು ಅದರ ಮೇಲೆ
ಸಕ್ಕರೆ ಬಟ್ಟಲು ಇಟ್ಟಿದ್ದೇನೆ.