ಕೊಕ್ಕು ಯಾವ ಕಡೆಗಿತ್ತು

ಮೊನ್ನೆ ಇಬ್ಬರು ಬಂದಿದ್ದರು, ಮೂವತ್ತು ವರ್ಷದ ಮೇಲೆ.
ಗ್ವೋಜ್ದೆನ್, ಈಗ ಕೋಲೂರಿ ನಡೆಯುತ್ತಾನೆ,
ಜೊತೆಗೆ ಮೀಸೆ ಚಿಗುರುತ್ತಿರುವ ಅವನ ಮೊಮ್ಮಗ.
ಟೋಪಿ ತೆಗೆದರು. ರಾಕಿಯಾ ಬೇಡವೆಂದು ಆಮೇಲೆ ಕುಡಿದರು.
ಕೇಳಿದ್ದು ಇಷ್ಟೇ:
"ರೊಸಾಂದಾ, ನಮ್ಮ ಮಿಂಚುಳ್ಳಿಯ ಕೊಕ್ಕು
ಎಡಕ್ಕಿತ್ತೋ, ಬಲಕ್ಕಿತ್ತೋ?"

ಬಸ್ ನಿಲ್ದಾಣದ ಗೋಡೆಯ ಮೇಲೆ ಬಲಕ್ಕೆ ಬರೆದಿದ್ದಾರೆ.
ರಾತ್ರಿ ಯಾರೋ ಅದರ ಕಣ್ಣಿಗೆ ಸುಣ್ಣ ಬಳಿಯುತ್ತಾರೆ,
ಬೆಳಿಗ್ಗೆ ಯಾರೋ ಕಣ್ಣು ಬರೆಯುತ್ತಾರೆ.
ಈಗ ಕಲ್ಲಿನಲ್ಲಿ ಕೊರೆಯಬೇಕಂತೆ.
ದಳದ ಹಳಬರಲ್ಲಿ ಜಗಳವೆದ್ದು
ಒಬ್ಬನ ಮೇಲೊಬ್ಬ ಕುರ್ಚಿ ಎತ್ತಿದ್ದಾರೆ.
"ಚರಿತ್ರೆ ತಪ್ಪಬಾರದಲ್ಲ, ಅಜ್ಜೀ" ಅಂದ ಹುಡುಗ.

ಅರವತ್ತು ಬ್ಯಾಡ್ಜು ಹೊಲಿದವಳು ನಾನು.
ತೊಂಬತ್ತೆರಡರ ಏಪ್ರಿಲ್. ನೀಲಿ ದಾರ ಸಾಲದೆ
ದ್ರೀನಾದ ಆಚೆಯಿಂದ ತರಿಸಿದರು.
ಮೀನುಗಾರರ ಸಂಘಕ್ಕೆ ಅಂದುಕೊಂಡಿದ್ದೆ
ಎಂದು ಹೇಳಿಕೊಂಡು ಬಂದಿದ್ದೇನೆ ಇಲ್ಲಿಯತನಕ.
ಮುಖಕ್ಕೆ ಮಸಿ ಬಳಿದುಕೊಂಡು
ಯಾರು ಹೋಗುತ್ತಾರೆ ಮೀನಿಗೆ?

ಆದರೆ ಇದೂ ಇದೆ.
ನನ್ನ ತಮ್ಮ ವಿದೋಯೆ ಗುಡ್ಡದ ಗಿರಣಿಯ ಬಳಿ
ನಾಲ್ಕು ದಿನ ಸತ್ತು ಬಿದ್ದಿದ್ದ, ಆ ಕಡೆಯ ಗುಂಡಿಗೆ.
ಸೈನ್ಯ ಹೋಗಲಿಲ್ಲ, ಪಾದ್ರಿ ಹೋಗಲಿಲ್ಲ.
ಹೋದವರು ಮಿಂಚುಳ್ಳಿಗಳು.
ಇಬ್ಬರು ಗಾಯಗೊಂಡರು, ಅದರಲ್ಲೊಬ್ಬ ಈ ಗ್ವೋಜ್ದೆನ್.
ಒಂದು ಹಸಿರು ಬಾಗಿಲ ಮೇಲೆ ಮಲಗಿಸಿ ಹೊತ್ತು ತಂದರು.
ಬಾಗಿಲು ಯಾರ ಮನೆಯದೆಂದು
ನಾನು ಕೇಳಲಿಲ್ಲ.

ಹೊಲಿಗೆಯ ಕೂಲಿಗೆ ದಿನಾರ್ ಕೊಡಲಿಲ್ಲ,
ದಿನಾರಿಗೆ ಬೆಲೆಯಾದರೂ ಎಲ್ಲಿತ್ತು ಆಗ.
ಟ್ರ್ಯಾಕ್ಟರಿನಲ್ಲಿ ಬಂತು, ಬಟ್ಟೆ ಒಗೆಯುವ ಮಶೀನು.
ಮುಚ್ಚಳ ತೆಗೆದೆ:
ಒಳಗೆ ಬಟ್ಟೆ, ಇನ್ನೂ ಒದ್ದೆ, ಹಿಂಡಿರಲಿಲ್ಲ.
ಎರಡು ದಿಂಬಿನ ಚೀಲ. ಗಂಡಸಿನದೊಂದು ಅಂಗಿ.
ಮೊಣಕಾಲಿಗೆ ತೇಪೆ ಹಾಕಿದ ಚಿಕ್ಕ ಪ್ಯಾಂಟು.
ತೇಪೆಯ ಹೊಲಿಗೆ ನನ್ನದು.

ಜುಮ್ರಾಳ ಮಗ, ನನ್ನ ಬೇಲಿ ಹಾರಿ ಹರಿದುಕೊಂಡಿದ್ದ.
ಬೈದು, ಕಾಸು ತೆಗೆದುಕೊಳ್ಳದೆ ಹೊಲಿದುಕೊಟ್ಟಿದ್ದೆ.

ಹಿಂಡಿದೆ. ಹಗ್ಗದ ಮೇಲೆ ಹರವಿದೆ.
ಒದ್ದೆ ಬಟ್ಟೆಗೆ ಇನ್ನೇನು ಮಾಡಬೇಕು?
ಒಣಗಿದ ಮೇಲೆ ಮಡಿಸಿ ಪೆಟ್ಟಿಗೆಯಲ್ಲಿಟ್ಟೆ.
ಮಶೀನು ಹನ್ನೊಂದು ವರ್ಷ ಓಡಿತು.
ಒಳ್ಳೆಯ ಮಶೀನು, ಸುಳ್ಳು ಹೇಳಬಾರದು.

ಹೇಗ್‌ನವರು ನಮ್ಮ ಬೀದಿಗೂ ಬಂದಿದ್ದರು.
ಚಾಲಕನನ್ನು ಕೇಳಿದರು, ಬೇಕರಿಯವನನ್ನು ಕೇಳಿದರು.
ದರ್ಜಿಯವಳಿಗೆ ಏನು ಗೊತ್ತಿರುತ್ತದೆ?
ಜೂನ್ ಬಂದರೆ ಸೇತುವೆಯ ಮೇಲೆ ಹೆಂಗಸರು
ಧ್ವನಿವರ್ಧಕದಲ್ಲಿ ಹೆಸರು ಓದುತ್ತಾರೆ.
ಹತ್ತೊಂಬತ್ತನೆಯದು ಮೆವ್ಲುದಿನ್.
ಹದಿನೆಂಟಕ್ಕೆ ನಾನು ಪೆಡಲು ತುಳಿಯಲು ಶುರುಮಾಡುತ್ತೇನೆ,
ಸೂಜಿಯ ಕೆಳಗೆ ಬಟ್ಟೆ ಇರಲಿ, ಬಿಡಲಿ.

ಈಗ ಇವರು ಕಾಯುತ್ತ ಕೂತಿದ್ದಾರೆ.
ಜೀವಮಾನದಲ್ಲಿ ಮೊದಲ ಸಲ ಒಬ್ಬರು ಸಾಕ್ಷಿ ಕೇಳಿದ್ದು,
ಅದೂ ಕೊಕ್ಕಿಗೆ.

"ಎಡಕ್ಕೆ" ಅಂದೆ. "ಮತ್ತೆ ಮೀನೆಲ್ಲಿ?"
"ಯಾವ ಮೀನು?"
"ಕೊಕ್ಕಿನಲ್ಲಿ ಅಡ್ಡಲಾಗಿ ಇತ್ತಲ್ಲ.
ನೀನೇ ತಂದ ಚಿತ್ರ, ಗ್ವೋಜ್ದೆನ್.
ಕೆಂಪು ದಾರದಲ್ಲಿ ಹೊಲಿದೆ. ಅರವತ್ತು ಮೀನು.
ಗೋಡೆಯ ಮೇಲೆ ಬರೆಯಲೇ ಇಲ್ಲ ನೀವು."

ಮುದುಕ ಟೋಪಿ ಹಾಕಿಕೊಂಡ.
"ವಯಸ್ಸಾಯಿತು ಇವಳಿಗೆ" ಅಂದ, ನನಗಲ್ಲ, ಬಾಗಿಲಿಗೆ.
ಕೋಲಿನ ಸದ್ದು ಮೆಟ್ಟಿಲಿಳಿಯಿತು.

ಹುಡುಗ ಹೊಸ್ತಿಲಲ್ಲೇ ಉಳಿದ.
ಪೆಟ್ಟಿಗೆ ತೆರೆದು ತೋರಿಸಬಹುದಿತ್ತು ಅವನಿಗೆ.
ಕೈ ಬೀಗದತನಕ ಹೋಗಿ
ಮೊಣಕಾಲು ಸವರಿಕೊಂಡು ಬಂತು.

"ಮೀನಿಗೆ ಕಣ್ಣಿತ್ತಾ?" ಕೇಳಿದ.

ಇತ್ತು, ಅಂದೆ.
ಒಂದೊಂದಕ್ಕೂ ಒಂದು ಕಪ್ಪು ಗಂಟು.