ಆಪ್ಷನ್ ಎಂಟ್ರಿ, ಕೊನೆಯ ದಿನ

ನೂರಡಿ ರಸ್ತೆಯ ಅಫ್ಸರಣ್ಣನ ಸೈಬರ್ ಅಂಗಡಿಯಲ್ಲಿ
ಮೂರನೇ ಸಿಸ್ಟಮ್ಮಿನ ಎಂಟರ್ ಕೀಲಿ
ಒಂದು ಸಲ ಒತ್ತಿದರೆ ಎರಡು ಸಲ ಒತ್ತುತ್ತದೆ.
ಹುಷಾರು, ಅನ್ನುತ್ತಾನೆ. ಗಂಟೆಗೆ ಮೂವತ್ತು.

ಎಲ್ಲರೂ ಪಟ್ಟಿಯನ್ನು ಎಡದಿಂದ ಓದುತ್ತಾರೆ:
ಕಾಲೇಜು, ಊರು, ಕೋರ್ಸು.
ನಾನು ಬಲತುದಿಯ ಫೀಸಿನಿಂದ ಹೊರಟು
ಎಡಕ್ಕೆ ನಡೆಯುತ್ತೇನೆ;
ಕಾಲೇಜಿನ ಹೆಸರಿನ ತನಕ ತಲುಪುವುದು ಅಪರೂಪ.
"ನಮ್ಮಜ್ಜಿ ಉರ್ದು ಪೇಪರ್ ಹಿಂಗೇ ಓದ್ತಿದ್ರು"
ಅಫ್ಸರಣ್ಣ ನಗುತ್ತಾನೆ.

ಪಕ್ಕದ ಸಿಸ್ಟಮ್ಮಿನಲ್ಲಿ ನೂತನ ಮೂವತ್ತೆರಡು ಆಪ್ಷನ್ ತುಂಬಿದಳು.
ದುಡ್ಡಿನದೊಂದು ಕಾಲಂ ಇದೆ ಅನ್ನುವುದು
ನಾನು ತೋರಿಸಿದ ಮೇಲೆ ಅವಳಿಗೆ ಗೊತ್ತಾಯಿತು.

ಮೊದಲ ಸಾಲಿಗೆ ಇಲ್ಲಿಯದೇ ಕಾಲೇಜು ಹಾಕಿದೆ:
ಸೈಕಲ್ಲಿನಲ್ಲಿ ಹೋಗಿಬರಬಹುದು,
ಹಾಸ್ಟೆಲ್ಲಿನ ಮಾತಿಲ್ಲ, ಮುದ್ದೆ ಮನೆಯದೇ.
ಎರಡನೆಯದು ಅದಕ್ಕಿಂತ ನಾನೂರು ಹೆಚ್ಚು.
ಮೈಸೂರಿನ ಸಿವಿಲ್ಲು ಹನ್ನೊಂದರಲ್ಲಿ.

ಹುಲಿಕೆರೆಯ ಹತ್ತಿರ ನಾಲೆ ನೆಲದೊಳಗೆ ಹೊಕ್ಕು
ಆಚೆಗೆಲ್ಲೋ ಏಳುವುದನ್ನು ಏಳನೇ ಕ್ಲಾಸಿನಲ್ಲಿ ನೋಡಿದ್ದೆ;
ಮೇಲೆ ಊರು ಮಲಗಿರುತ್ತದೆ, ಕೆಳಗೆ ನೀರು ಎದ್ದಿರುತ್ತದೆ.
ಅಂಥದ್ದು ಕಟ್ಟುವುದನ್ನು ಕಲಿಯಬೇಕು ಅಂತ
ಯಾರಿಗೂ ಹೇಳಿರಲಿಲ್ಲ.

ಆದಾಯ ಪತ್ರಕ್ಕೆ ನಾಡಕಚೇರಿಗೆ ಹೋದ ದಿನ
"ಸಂಬ್ಳ ಎಷ್ಟಮ್ಮ?" ಅಂದರು.
ನೆಂಟರ ಮುಂದೆ ಯಾವಾಗಲೂ
ಎರಡು ಸಾವಿರ ಸೇರಿಸಿ ಹೇಳುವ ಅವ್ವ
ಅಲ್ಲೂ ಸೇರಿಸಿಬಿಟ್ಟಳು.
ಸೆರಗು ಎಳೆದೆ.
"ಓಟಿ ಬುಟ್ಟು ಹೇಳ್ಬೇಕಾ?" ಅಂದಳು,
ಅಷ್ಟು ಜನರೆದುರು, ಸಣ್ಣ ದನಿಯಲ್ಲಿ.

ಐದು ವರ್ಷ ಸಿಂಧು, ಅಂತ ಪತ್ರದ ಕೆಳಗೆ ಅಚ್ಚಾಗಿದೆ.
ಓದು ನಾಲ್ಕೇ ವರ್ಷ.
ಒಂದು ವರ್ಷದ ಬಡತನ ಮಿಗುತ್ತದೆ.

ಸೇವ್ ಮಾಡಲು ಓಟಿಪಿ ಬೇಕು.
ಓಟಿಪಿ ಹೋಗುವುದು ಅವ್ವನ ಫೋನಿಗೆ,
ಅವ್ವನ ಫೋನು ಗಾರ್ಮೆಂಟ್ಸ್ ಗೇಟಿನ ಲಾಕರಿನಲ್ಲಿ.
ಐದು ಓಟಿಪಿ ಆ ಕತ್ತಲಲ್ಲಿ ಬೆಳಗಿ, ಆರಿ ಹೋದವು.

ಆರೂಮುಕ್ಕಾಲಿಗೆ ಕಂಪನಿ ಬಸ್ಸಿಳಿದು ನೇರ ಇಲ್ಲಿಗೇ ಬಂದಳು,
ಜಡೆಯಲ್ಲೊಂದು ನೀಲಿ ದಾರದ ಎಳೆ.
ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತದೆ.
ಪರದೆಗೆ ಬೆರಳಿಟ್ಟು ಬಲಗಡೆಯ ಕಾಲಂ ಇಳಿದಳು.
"ಇದೇನವ್ವ, ಸೊಪ್ಪು ಕೊಳ್ಳೋಳಂಗೆ
ಅಗ್ಗದ್ದೆಲ್ಲ ಮುಂದಿಟ್ಟಿದ್ದೀಯ?"

ಬಿಡಿಸಿ ಹೇಳಿದೆ: ಮೇಲಿನದು ಸಿಕ್ಕಿಬಿಟ್ಟರೆ
ಕೆಳಗಿನದನ್ನು ಯಾರೂ ನೋಡುವುದಿಲ್ಲ.
ಮೇಲಿನದು ಸಿಗದಿದ್ದರೆ ಮಾತ್ರ ಇಳಿಯುತ್ತಾರೆ,
ಒಂದೊಂದೇ ಮೆಟ್ಟಿಲು.

ಚೆಕಿಂಗಿಗೆ ಬರುವ ಮುಂಚೆ
ಕಟಿಂಗ್ ಟೇಬಲ್ಲಿನಲ್ಲಿ ನಾಲ್ಕು ವರ್ಷ ನಿಂತವಳು.
"ಬಟ್ಟೆ ಹಾಸುದ್ಮೇಲೆ ದೊಡ್ಡ ಪೀಸ್ಗೆ ಮೊದ್ಲು ಗುರ್ತು ಹಾಕ್ಬೇಕು ಕಣವ್ವ.
ಬೆನ್ನು, ಎದೆ, ತೋಳು.
ಕಾಲರು ಜೇಬು ಉಳ್ದಿದ್ರಲ್ಲಿ ಎಲ್ಲಾರ ತೂರ್ಕತವೆ.
ಜೇಬ ಮೊದ್ಲು ಕತ್ತರಿಸ್ಬುಟ್ರೆ
ಬೆನ್ನಿಗೆ ಬಟ್ಟೆ ಎಲ್ಲಿಂದ ತತ್ತೀಯ?"

"ಸಿಕ್ಕಿಬಿಟ್ಟರೆ?" ಅಂದೆ.
ಸಿಕ್ಕಿಬಿಡುವುದೇ ನನ್ನ ಭಯ, ಅಂತ ಅನ್ನಲಿಲ್ಲ.
ಫೀಸು ಮಾಫಿನ ಸೀಟು ಬೆರಳೆಣಿಕೆಯವು,
ಸ್ಕಾಲರ್‌ಶಿಪ್ಪಿನ ದುಡ್ಡು ಬರುವುದು
ಪರೀಕ್ಷೆ ಮುಗಿದ ಮೇಲೆ, ಬಂದರೆ.

ಅವ್ವ ನನಗೆ ಉತ್ತರ ಕೊಡಲಿಲ್ಲ,
ಅಫ್ಸರಣ್ಣನ ಕಡೆ ತಿರುಗಿದಳು:
"ಪಿಎಫ್ ತೆಗಿಯಕ್ಕೂ ಹಿಂಗೇ ನಂಬರ್ ಬತ್ತದಾ?"
"ಬತ್ತದೆ ಹೊಂಬಾಳಕ್ಕ."
"ಈ ಫೋನ್ಗೇಯ?"
"ಅದುಕ್ಕೇ."

ಹನ್ನೊಂದನ್ನು ಒಂದಕ್ಕೆ ಎತ್ತಿದೆ.
ಎಂಟರ್ ಎರಡು ಸಲ ಒತ್ತಿಕೊಂಡಿತು, ಏನೂ ಆಗಲಿಲ್ಲ.
ನಮ್ಮೂರಿನದನ್ನು ಕೊನೆಗಿಟ್ಟೆ, ಅಳಿಸಲಿಲ್ಲ.
ಅವ್ವನ ಕೈಯಲ್ಲಿ ಫೋನು ನಡುಗಿತು.
ಕಣ್ಣಿಂದ ದೂರ ಹಿಡಿದು
ಒಂದೊಂದನ್ನೇ, ಕಾಜಾ ಗುಂಡಿ ಎಣಿಸುವ ಹಾಗೆ, ಓದತೊಡಗಿದಳು:
ನಾಕು. ಸೊನ್ನೆ. ಒಂಬತ್ತು.
ತಡಿ, ತಡಿ, ಇದು ಆರೋ ಎಂಟೋ?